ನಿಮಗಿದು ಗೊತ್ತೇ? ನಂಬಿದರೂ ಬೆರಗು, ಕೆದಕಿದರೂ ಬೆರಗು!

ಕಲ್ಲಿನ ಗಣಪ ಹಾಲು ಕುಡಿದ! ಫೋಟೋದಿಂದ ವಿಭೂತಿ ಉದುರಿತು! ನಿಂಬೆಹಣ್ಣಿನಿಂದ ರಕ್ತ ಸುರಿಯಿತು! ಇಂಥ ಸುದ್ದಿ ಬಂದರೆ ಸಾಕು, ಒಂದೇ ಮನೆಯಲ್ಲಿ ಎರಡು ಪಕ್ಷ. ಅಜ್ಜಿ ಕೈಮುಗಿದರೆ ಮೊಮ್ಮಗ ವಾದಕ್ಕೆ ನಿಲ್ಲುತ್ತಾನೆ. ಈ ವಾದದೊಳಗೆ ಹೊಕ್ಕು ನೋಡಿದರೆ ಎಂಥೆಂಥ ಸೋಜಿಗಗಳಿವೆ ಗೊತ್ತೇ? ಬನ್ನಿ, ಒಂದೊಂದಾಗಿ ನೋಡೋಣ!

ಹಾಲು, ನೀರು, ತುಪ್ಪ

1995ರ ಸೆಪ್ಟೆಂಬರ್ 21. ದೆಹಲಿಯಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಗುಡಿಯೊಂದರಲ್ಲಿ ಗಣಪತಿಯ ಸೊಂಡಿಲಿಗೆ ಚಮಚದಲ್ಲಿ ಹಾಲು ಹಿಡಿದರೆ ಹಾಲು ಮಾಯ! ಮಧ್ಯಾಹ್ನದ ಹೊತ್ತಿಗೆ ದೇಶದ ಊರೂರಿನ ಗುಡಿಗಳ ಮುಂದೆ ಹಾಲಿನ ಲೋಟ ಹಿಡಿದವರ ಸಾಲು. ವಾಟ್ಸ್‌ಆ್ಯಪ್ ಇಲ್ಲದ ಕಾಲ ಅದು. ಬರೀ ಫೋನ್ ಕರೆಗಳಲ್ಲೇ ಸುದ್ದಿ ಅದೇ ದಿನ ಲಂಡನ್ನಿನ ಸೌತಾಲ್ ಮುಟ್ಟಿತು. ಅಲ್ಲೂ ಗಣಪ ಹಾಲು ಕುಡಿದ!

ಆಮೇಲೆ ಏನಾಯಿತು ಗೊತ್ತೇ? ಸರ್ಕಾರದ ವಿಜ್ಞಾನಿಗಳು ಗುಡಿಗೆ ಬಂದರು. ಹಾಲಿಗೆ ಬಣ್ಣ ಬೆರೆಸಿ ಚಮಚ ಹಿಡಿದರು. ಬಣ್ಣದ ಗೆರೆ ಮೂರ್ತಿಯ ಮೈಮೇಲೆ ಜಾರಿ ಇಳಿಯುವುದು ಎಲ್ಲರಿಗೂ ಕಂಡಿತು. ಬಿಳಿ ಅಮೃತಶಿಲೆಯ ಮೇಲೆ ಬಿಳಿ ಹಾಲು ತೆಳ್ಳಗೆ ಹರಿದರೆ ಕಣ್ಣಿಗೆ ಕಾಣುವುದೇ ಇಲ್ಲ!

ನೀವೇ ಮಾಡಿ ನೋಡಿ. ಚಮಚದ ತುಂಬ, ಅಂಚು ಮೀರಿ ಉಬ್ಬುವಷ್ಟು ಹಾಲು ತುಂಬಿಸಿ. ರುಬ್ಬುಗುಂಡನ್ನು ನೀರಿನಲ್ಲಿ ಒದ್ದೆ ಮಾಡಿ, ಚಮಚದ ಅಂಚನ್ನು ಅದಕ್ಕೆ ತಾಗಿಸಿ. ಈಗ ಚಮಚವನ್ನು ಒಂದೇ ಒಂದು ಚೂರು ಓರೆ ಮಾಡಿ. ಮೊದಲ ಹನಿ ಕಲ್ಲಿಗೆ ಅಂಟುತ್ತದೆ. ಹಿಂದಿನ ಹಾಲನ್ನೂ ಜೊತೆಗೆ ಎಳೆದುಕೊಂಡು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಮೇಲ್ಮೈ ಎಳೆತ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದೇ ಇದು. ನಿಮ್ಮ ರುಬ್ಬುಗುಂಡೂ ಹಾಲು ಕುಡಿಯಿತು!

'ಹಾಗಾದರೆ ಅದೇ ದಿನ ಯಾಕೆ ಕುಡಿದ?' ಇದು ಭಕ್ತರ ಪ್ರಶ್ನೆ. 'ಬೇರೆ ದಿನ ಯಾರೂ ಚಮಚ ಹಿಡಿದು ನೋಡಿರಲಿಲ್ಲವಲ್ಲ!' ಇದು ಸಂದೇಹಿಗಳ ಉತ್ತರ. ಮೂವತ್ತು ವರ್ಷ ಕಳೆದರೂ ಈ ವಾದ ಮುಗಿದಿಲ್ಲ!

2006ರ ಆಗಸ್ಟ್ ತಿಂಗಳಲ್ಲಿ ಮುಂಬೈಯ ಮಾಹಿಮ್ ಕಡಲು ಸಿಹಿಯಾಯಿತು! ಜನ ಬಾಟಲಿಗಳಲ್ಲಿ ತುಂಬಿಕೊಂಡರು, ಕುಡಿದರು. ಕುಡಿಯಬೇಡಿ, ಕೊಳಚೆ ನೀರು ಎಂದು ಅಧಿಕಾರಿಗಳು ಕೂಗಿ ಹೇಳಬೇಕಾಯಿತು. ಮಳೆಗಾಲದಲ್ಲಿ ಮೀಠಿ ನದಿ ತಂದು ಸುರಿದ ನೀರು ಉಪ್ಪನ್ನು ತೆಳುವಾಗಿಸಿತ್ತು ಎಂದರು ತಜ್ಞರು. ಅದಾಗಿ ಒಂದೆರಡು ದಿನಗಳಲ್ಲೇ ಉತ್ತರ ಭಾರತದ ಗುಡಿಗಳಲ್ಲಿ ಮೂರ್ತಿಗಳು ಮತ್ತೆ ಹಾಲು ಕುಡಿಯತೊಡಗಿದವು!

ಅದೇ ಮುಂಬೈ, 2012. ಚರ್ಚೊಂದರ ಬಳಿ ಶಿಲುಬೆಯ ಮೇಲಿದ್ದ ಯೇಸುವಿನ ಪಾದದಿಂದ ಹನಿ ಹನಿ ನೀರು! ಜನ ಅದನ್ನು ತೀರ್ಥವೆಂದು ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಸುತ್ತಮುತ್ತ ನೋಡಿದರು. ಕಟ್ಟಿಕೊಂಡ ಚರಂಡಿಯ ನೀರು ಗೋಡೆಯನ್ನು ಏರಿ ಬರುತ್ತಿದೆ ಎಂದರು. ಅವರ ಮೇಲೆ ಧರ್ಮನಿಂದನೆಯ ದೂರು ಬಿತ್ತು. ಕೊನೆಗೆ ಅವರು ಸೇರಿದ್ದು ಫಿನ್‌ಲೆಂಡ್! ಒಂದು ಹನಿಯ ಕಾರಣ ಹೇಳಿದ್ದಕ್ಕೆ ಇಷ್ಟು ದೂರ!

ನಮ್ಮ ಶಿವಗಂಗೆಗೆ ಬನ್ನಿ. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ! ಬೆಣ್ಣೆಯಿಂದ ತುಪ್ಪ ಮಾಡುವುದನ್ನು ಎಲ್ಲರೂ ಬಲ್ಲೆವು, ಇಲ್ಲಿ ಹಿಂದುಮುಂದು! ಬೆಳ್ಳಗೆ ಗಟ್ಟಿಯಾದ ಅದನ್ನು ಭಕ್ತರು ಔಷಧಿಯೆಂದು ಮನೆಗೆ ಒಯ್ಯುತ್ತಾರೆ. ಈಗ ಇನ್ನೊಂದು ಸಂಗತಿ ಕೇಳಿ. ಆಯುರ್ವೇದದಲ್ಲಿ ಶತಧೌತ ಘೃತ ಎಂಬ ಮದ್ದಿದೆ. ತುಪ್ಪಕ್ಕೆ ತಣ್ಣೀರು ಹಾಕಿ ನೂರು ಸಲ ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಅದೂ ಬೆಳ್ಳಗಾಗಿ ಬೆಣ್ಣೆಯ ಹಾಗೇ ಆಗುತ್ತದೆ!

ಅದೇ ಬೆಟ್ಟದಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯಲ್ಲೊಂದು ಕಿರಿದಾದ ಕುಳಿ. ಮಂಡಿಯೂರಿ, ಮೈ ಬಗ್ಗಿಸಿ, ತೋಳನ್ನು ಆಳಕ್ಕೆ ಇಳಿಬಿಡಬೇಕು. ಬೆರಳ ತುದಿಗೆ ನೀರು ತಾಗಿದರೆ ಪುಣ್ಯವಂತರು! ಒಬ್ಬರಿಗೆ ಸಿಕ್ಕ ನೀರು ಹಿಂದೆಯೇ ಬಂದವರಿಗೆ ಸಿಗದಿರಬಹುದು. ತೋಳಿನ ಉದ್ದವೋ, ಹಣೆಬರಹವೋ? ಬೆಟ್ಟ ಇಳಿಯುವವರೆಗೂ ಅದೇ ಚರ್ಚೆ!

ನಾಗರಪಂಚಮಿಗೆ ಹಾವು ಹಾಲು ಕುಡಿಯುತ್ತದಲ್ಲ? ನಿಜಕ್ಕೂ ಹಾಲು ಹಾವಿನ ಆಹಾರವೇ ಅಲ್ಲ! ಹಾವಾಡಿಗರು ಹಬ್ಬಕ್ಕೆ ಮೊದಲು ಅದಕ್ಕೆ ನೀರೇ ಕೊಡದೆ ಬುಟ್ಟಿಯಲ್ಲಿ ಇಡುತ್ತಾರೆ. ಬಾಯಾರಿ ಬಳಲಿದ ಜೀವ ಸಿಕ್ಕಿದ್ದನ್ನು ಹೀರುತ್ತದೆ. ಪಾಪ!

ಬೆಂಕಿ, ಬೂದಿ, ರಕ್ತ

ಮಂತ್ರ ಹಾಕಿ ಕುಯ್ದ ನಿಂಬೆಹಣ್ಣಿನಿಂದ ರಕ್ತ! ಗುಟ್ಟು ಇರುವುದು ಚಾಕುವಿನಲ್ಲಿ. ಮೊದಲೇ ಅದಕ್ಕೆ ಮೀಥೈಲ್ ಆರೆಂಜ್ ಸವರಿದರೆ ನಿಂಬೆಯ ಹುಳಿ ತಾಗಿದ ಕೂಡಲೇ ಕೆಂಪು. ಪಿಯುಸಿ ಲ್ಯಾಬಿನಲ್ಲಿ ಮಕ್ಕಳು ದಿನವೂ ಬಳಸುವ ದ್ರಾವಣವೇ ಅದು!

ಇನ್ನೂ ಹತ್ತಿರದ ಬಣ್ಣದಾಟ ಬೇಕೇ? ಹಳದಿ ಅರಿಶಿನದ ನೀರಿಗೆ ಬಿಳಿ ಸುಣ್ಣ ಬೆರೆಸಿ. ಕೆಂಪು ಕೆಂಪು ಓಕುಳಿ! ಮದುಮಕ್ಕಳಿಗೆ ಆರತಿ ಎತ್ತುವಾಗೆಲ್ಲ ಈ ಚಮತ್ಕಾರ ನಮ್ಮ ಮನೆಬಾಗಿಲಲ್ಲೇ ನಡೆಯುತ್ತದೆ!

ಫೋಟೋದಿಂದ ವಿಭೂತಿ ಹೇಗೆ ಉದುರುತ್ತದೆ? ಅಲ್ಯುಮಿನಿಯಂ ಚೌಕಟ್ಟಿಗೆ ಮರ್ಕ್ಯುರಿಕ್ ಕ್ಲೋರೈಡ್ ಸವರಿದರೆ ಲೋಹವೇ ಬೂದಿಯಂಥ ಪುಡಿಯಾಗಿ ಉದುರುತ್ತದೆ ಎಂದು ವಿಚಾರವಾದಿಗಳು ವೇದಿಕೆ ಮೇಲೆ ಮಾಡಿ ತೋರಿಸಿದ್ದಾರೆ. ಎಚ್ಚರ! ಆ ರಾಸಾಯನಿಕ ಘೋರ ವಿಷ. ನೀವು ಮುಟ್ಟಲೂ ಹೋಗಬೇಡಿ!

ಬೆಂಕಿಕಡ್ಡಿ ಇಲ್ಲದೆ ಹೋಮದ ಕುಂಡ ಹೊತ್ತಿಕೊಳ್ಳುವುದುಂಟು. ಕುಂಡದ ತಳದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ. ಮೇಲಿಂದ 'ತುಪ್ಪ'ದ ಧಾರೆ. ಅದು ತುಪ್ಪವಲ್ಲ, ಗ್ಲಿಸರಿನ್! ಮಂತ್ರ ಮುಗಿಯುವಷ್ಟರಲ್ಲಿ ಭಗ್ಗೆಂದು ಜ್ವಾಲೆ!

ಕೊಂಡ ಹಾಯುವವರ ಕಾಲು ಏಕೆ ಸುಡುವುದಿಲ್ಲ? ಹರಕೆ ಹೊತ್ತವರು ದೇವಿಯ ಕೃಪೆ ಎನ್ನುತ್ತಾರೆ. ಭೌತಶಾಸ್ತ್ರಜ್ಞರು ಕೆಂಡದ ಗುಣ ಎನ್ನುತ್ತಾರೆ. ಕೆಂಡ ನಿಗಿನಿಗಿ ಉರಿದರೂ ತನ್ನ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಪಾದ ತಾಗುವುದೋ ಕ್ಷಣಮಾತ್ರ. ಅಷ್ಟೇ ಕಾದ ಕಬ್ಬಿಣದ ತಗಡಿನ ಮೇಲೆ ಯಾರೂ ಹೀಗೆ ನಡೆಯಲಾರರು! ಆದರೂ ನಿಂತರೆ, ಎಡವಿದರೆ ಸುಟ್ಟೇ ಸುಡುತ್ತದೆ. ಹುಷಾರು!

1935ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೊಂದು ಪರೀಕ್ಷೆಯೇ ನಡೆಯಿತು. ಕಾಶ್ಮೀರದ ಕುದಾ ಬಕ್ಷ್ ವಿಜ್ಞಾನಿಗಳ ಕಣ್ಣೆದುರೇ ಬರಿಗಾಲಲ್ಲಿ ಕೆಂಡ ತುಳಿದರು. ಪಾದಗಳನ್ನು ತೊಳೆದು, ಒರೆಸಿ, ಮೊದಲೂ ಆಮೇಲೂ ಪರೀಕ್ಷಿಸಿದರು. ಸುಟ್ಟ ಗಾಯವಿಲ್ಲ!

1819ರಲ್ಲಿ ಇಟಲಿಯ ಹಳ್ಳಿಯೊಂದರ ರೈತನ ಮನೆಯಲ್ಲಿ ಮೆಕ್ಕೆಜೋಳದ ಮುದ್ದೆಯ ಮೇಲೆ ರಕ್ತದ ಕಲೆ! ಊರಿಗೆ ಊರೇ ನಡುಗಿತು. ಬಾರ್ತೊಲೊಮಿಯೊ ಬಿಜಿಯೊ ಎಂಬ ಔಷಧ ತಜ್ಞ ಅದನ್ನು ತಂದು ಪರೀಕ್ಷಿಸಿದ. ಕಣ್ಣಿಗೆ ಕಾಣದ ಒಂದು ಕೆಂಪು ಜೀವಿ ಸಿಕ್ಕಿತು. ಇಂದು ಅದರ ಹೆಸರು ಸೆರೇಷಿಯ ಬ್ಯಾಕ್ಟೀರಿಯಾ. ಪವಾಡದ ಬೆನ್ನು ಹತ್ತಿದವನಿಗೆ ಹೊಸ ಜೀವಿಯೇ ಸಿಕ್ಕಿಬಿಟ್ಟಿತು!

2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿಯಿತು. ಬಟ್ಟೆಗಳೆಲ್ಲ ಕೆಂಪು ಕೆಂಪು! ಮರದ ಮೇಲೆ ಬೆಳೆಯುವ ಪಾಚಿಯ ಬೀಜಾಣುಗಳು ಎಂದಿತು ಅಧಿಕೃತ ವರದಿ. ಅಲ್ಲ, ಆಕಾಶದಾಚೆಯಿಂದ ಬಂದ ಜೀವಕಣಗಳು ಎಂದರು ಕೆಲವು ವಿಜ್ಞಾನಿಗಳು. ನಂಬುವವರು, ನಂಬದವರು ಪ್ರಯೋಗಾಲಯದಲ್ಲೂ ಇರುತ್ತಾರೆ!

ಇಟಲಿಯ ನೇಪಲ್ಸ್ ನಗರದಲ್ಲಿ ಸಂತ ಜನುವರಿಯಸ್‌ನ ರಕ್ತ ಎನ್ನಲಾದ ಗಟ್ಟಿ ವಸ್ತು ಗಾಜಿನ ಕುಪ್ಪಿಯಲ್ಲಿದೆ. ವರ್ಷಕ್ಕೆ ಮೂರು ಸಲ ಭಕ್ತರ ಮುಂದೆ ಅದು ಕರಗಿ ದ್ರವವಾಗುತ್ತದೆ! 1389ರಿಂದ ದಾಖಲೆ ಇದೆ. 1991ರಲ್ಲಿ ಇಟಲಿಯ ಮೂವರು ವಿಜ್ಞಾನಿಗಳು ಆ ಕಾಲದಲ್ಲೇ ಸಿಗುತ್ತಿದ್ದ ಸಾಮಾನುಗಳಿಂದ ಅಂಥದೇ ಒಂದನ್ನು ತಯಾರಿಸಿದರು. ಸುಮ್ಮನಿದ್ದರೆ ಗಟ್ಟಿ, ಅಲುಗಿಸಿದರೆ ನೀರು!

ಬೆಳಕು, ನೆರಳು

ಬೆಂಗಳೂರಿನ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಕಿಂಡಿಯಿಂದ ತೂರಿ, ನಂದಿಯ ಕೊಂಬುಗಳ ನಡುವೆ ಹಾದು, ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ! ನೋಡಲು ನೂಕುನುಗ್ಗಲು. ಆದರೆ ನವೆಂಬರ್ ಕೊನೆಯಲ್ಲೂ ಸೂರ್ಯ ಹೀಗೆಯೇ ಒಳಗೆ ಬರುತ್ತಾನೆ, ಗೊತ್ತೇ? ಡಿಸೆಂಬರ್ 21ರ ಆಸುಪಾಸಿನಲ್ಲಿ ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುವ ಸೂರ್ಯ ಅದೇ ದಾರಿಯನ್ನು ಎರಡು ಸಲ ಹಾಯುತ್ತಾನೆ. ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದ್ದಾರೆ. ಇಷ್ಟು ಕರಾರುವಾಕ್ಕಾಗಿ ಕಿಂಡಿ ಕೊರೆದವರ ಜಾಣ್ಮೆಗೆ ಕೈಮುಗಿಯಲೇಬೇಕು!

ಹಂಪಿಯ ವಿರೂಪಾಕ್ಷ ಗುಡಿಯ ಹಿಂಭಾಗಕ್ಕೆ ಹೋಗಿ. ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ನಿಂತಿದೆ! ಎದುರು ಗೋಡೆಯ ಪುಟ್ಟ ಕಿಂಡಿಯಿಂದ ತೂರಿದ ಬೆಳಕಿನ ಕೆಲಸವದು. ಕ್ಯಾಮೆರಾದ ಸೂತ್ರ ಕಲ್ಲಿನ ಗುಡಿಯಲ್ಲಿ!

ಶಬರಿಮಲೆಯ ಮಕರಜ್ಯೋತಿ ತಾನಾಗಿ ಬೆಳಗುತ್ತದೆ ಎಂದು ಲಕ್ಷಾಂತರ ಜನ ನಂಬಿದ್ದರು. ಆಕಾಶದ ನಕ್ಷತ್ರ ಬೇರೆ, ಪೊನ್ನಂಬಲಮೇಡಿನಲ್ಲಿ ಬೆಳಗುವ ದೀಪ ಬೇರೆ ಎಂದು 2008ರಲ್ಲಿ ಹೇಳಿದ್ದು ಯಾರು ಗೊತ್ತೇ? ಆ ದೇವಸ್ಥಾನದ ತಂತ್ರಿಗಳೇ! 2011ರಲ್ಲಿ ಮಕರಜ್ಯೋತಿಯ ದಿನ ಆದ ಕಾಲ್ತುಳಿತದಲ್ಲಿ 100ಕ್ಕೂ ಹೆಚ್ಚು ಭಕ್ತರು ಪ್ರಾಣ ಕಳೆದುಕೊಂಡರು. ಆಗ ಹೈಕೋರ್ಟ್ ಕೇಳಿತು, ದೀಪ ಹಚ್ಚುವುದು ಮನುಷ್ಯರೇ ಎಂದು ದೇವಸ್ವಂ ಮಂಡಳಿಯೂ ಒಪ್ಪಿತು. ಭಕ್ತಿ ತಗ್ಗಿತೇ? ಇಲ್ಲ! ಇಂದಿಗೂ ಅಷ್ಟೇ ಜನ, ಅಷ್ಟೇ ಶರಣು ಘೋಷ!

ಪಂಥಕ್ಕೆ ಪಂಥ

1976ರಲ್ಲಿ ಪವಾಡಗಳ ತನಿಖೆಗೆ ಒಂದು ವಿಶ್ವವಿದ್ಯಾಲಯವೇ ಸಮಿತಿ ರಚಿಸಿತ್ತು. ಅದು ನಮ್ಮ ಬೆಂಗಳೂರು ವಿಶ್ವವಿದ್ಯಾಲಯ! ರಚಿಸಿದವರು ಕುಲಪತಿ ಎಚ್. ನರಸಿಂಹಯ್ಯ (ಎಚ್‌ಎನ್). ಖಾದಿ ಪಂಚೆ, ಗಾಂಧಿ ಟೋಪಿ. ಓದಿದ್ದು ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ. ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ!

ನಮ್ಮೆದುರು ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಎಚ್‌ಎನ್ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಇಂದ್ರಿಯಗಳಿಗೆ ಎಟುಕುವುದಷ್ಟೇ ವಿಜ್ಞಾನದ ಪಾಲು, ಅಧ್ಯಾತ್ಮ ಅದರಾಚೆಗಿನದು ಎಂಬುದು ಬಾಬಾ ನಿಲುವು. ಬರಿಗೈಯಿಂದ ಉಂಗುರ ಸೃಷ್ಟಿಸುವುದು ಬೇಡ, ಮುಷ್ಟಿಯಲ್ಲಿ ಅಡಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಎಚ್‌ಎನ್ ಸವಾಲು ಕರ್ನಾಟಕದಲ್ಲಿ ಮನೆಮಾತಾಯಿತು!

ಅದೇ 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿಯೂ ಬಂತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವಾಯಿತು. ಪ್ರಶ್ನೆ ಕೇಳುವುದು ಹಕ್ಕಷ್ಟೇ ಅಲ್ಲ, ಕರ್ತವ್ಯ!

ಪವಾಡ ಮಾಡಿ ತೋರಿಸಿದರೆ ಒಂದು ಲಕ್ಷ! 1963ರಲ್ಲೇ ಇಂಥ ಪಂಥ ಕಟ್ಟಿದವರು ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ ಅಬ್ರಹಾಂ ಕೋವೂರ್. ಮುಂದೆ ಬಿ. ಪ್ರೇಮಾನಂದ್ ಆ ಪಂಥವನ್ನು ಊರೂರಿಗೆ ಒಯ್ದರು. ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಟ್ಟ ಬಹುಮಾನವಂತೂ ಹತ್ತು ಲಕ್ಷ ಡಾಲರ್! ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. 2015ರಲ್ಲಿ ಪಂಥ ಮುಗಿಯುವವರೆಗೂ ಒಬ್ಬರೂ ಗೆಲ್ಲಲಿಲ್ಲ!

ಸುಳಿವು ಹಿಡಿಯುವುದರಲ್ಲಿ ಷರ್ಲಾಕ್ ಹೋಮ್ಸ್ ಎತ್ತಿದ ಕೈ. ಅವನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಮಾತ್ರ ಪ್ರೇತಗಳನ್ನೂ ಕಿನ್ನರಿಯರನ್ನೂ ನಂಬಿದ್ದರು! ಎಲ್ಲವನ್ನೂ ಸಂದೇಹಿಸುತ್ತಿದ್ದವನು ಅವರ ಗೆಳೆಯ, ಜಾದೂಗಾರ ಹೂಡಿನಿ! 1922ರಲ್ಲಿ ಡಾಯ್ಲ್ ಪತ್ನಿ ಹೂಡಿನಿಯ ಸತ್ತ ತಾಯಿಯಿಂದ ಪತ್ರ ತರಿಸಿದರು. ಪತ್ರ ಇಂಗ್ಲಿಷಿನಲ್ಲಿತ್ತು, ಮೇಲೆ ಶಿಲುಬೆಯ ಗುರುತಿತ್ತು. ತಾಯಿ ಯಹೂದಿ, ಇಂಗ್ಲಿಷ್ ಸರಿಯಾಗಿ ಬಾರದವರು! ಗೆಳೆತನ ಅಲ್ಲಿಂದಲೇ ಮುರಿಯತೊಡಗಿತು.

ಮಹಾರಾಷ್ಟ್ರದ ಡಾ. ನರೇಂದ್ರ ದಾಭೋಲ್ಕರ್ ಮೂಢನಂಬಿಕೆ ವಿರೋಧಿ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಬದುಕಿದ್ದಾಗ ಬಾರದ ಕಾನೂನು ಅದೇ ವಾರ ಸುಗ್ರೀವಾಜ್ಞೆಯಾಗಿ ಬಂತು! ವಾದಕ್ಕೆ ವಾದವೇ ಉತ್ತರವಾಗಬೇಕು, ಗುಂಡು ಎಂದೂ ಅಲ್ಲ.

ಆ ಕಾನೂನು ಭಕ್ತರ ಬಾಯಿ ಮುಚ್ಚಿಸುತ್ತದೆಯೇ? ಖಂಡಿತ ಇಲ್ಲ! ಹಿಂದೆ ಆಗಿಹೋದ ಸಂತರ ಪವಾಡಗಳನ್ನು ಹೇಳಲು, ಹಾಡಲು ಅದು ಅಡ್ಡಿ ಮಾಡುವುದಿಲ್ಲ. ಪವಾಡದ ಹೆಸರಲ್ಲಿ ಜನರನ್ನು ವಂಚಿಸಿದರೆ, ಹಿಂಸಿಸಿದರೆ ಮಾತ್ರ ಶಿಕ್ಷೆ! ಕರ್ನಾಟಕಕ್ಕೂ 2017ರಲ್ಲಿ ತನ್ನದೇ ಕಾನೂನು ಬಂತು.

ನಂಬುವವರೇ ಪರೀಕ್ಷಕರು!

ಪವಾಡ ತೋರಿಸಿದರೆ ಜನ ನಮ್ಮ ಕಡೆ ಬರುತ್ತಾರೆ ಎಂದು ನಾಲಂದೆಯಲ್ಲಿ ಕೇವಟ್ಟ ಎಂಬ ಗೃಹಸ್ಥ ಬುದ್ಧನನ್ನು ಬೇಡಿದ. ಬುದ್ಧ ಒಪ್ಪಲಿಲ್ಲ! ನಂಬದವನು ಇದು ಬರೀ ಗಾಂಧಾರಿ ವಿದ್ಯೆ ಎನ್ನುತ್ತಾನಲ್ಲ ಎಂದ. ಜನರಿಗೆ ತಿಳಿವಳಿಕೆ ಹೇಳುವುದೇ ನಿಜವಾದ ಪವಾಡ ಎಂದ. ಅಜ್ಜಿ ಮೊಮ್ಮಗನ ವಾದ ಅಷ್ಟು ಹಳೆಯದು!

ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ರೋಗ ವಾಸಿಯಾಯಿತು ಎಂದವರು 7,000ಕ್ಕೂ ಹೆಚ್ಚು ಜನ. 1883ರಿಂದ ಅಲ್ಲಿ ವೈದ್ಯರ ತಪಾಸಣಾ ಕಚೇರಿಯೇ ಇದೆ. 2018ರವರೆಗೆ ಚರ್ಚ್ ಪವಾಡವೆಂದು ಒಪ್ಪಿದ್ದು ಎಷ್ಟು ಗೊತ್ತೇ? ಬರೀ 70!

ಸಂತಪದವಿ ಕೊಡುವ ಮುನ್ನ ವಿರುದ್ಧವಾಗಿ ವಾದಿಸಲೆಂದೇ ಕ್ಯಾಥೊಲಿಕ್ ಚರ್ಚ್ 1587ರಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಿತ್ತು. ಜನ ಅವನನ್ನು ಸೈತಾನನ ವಕೀಲ ಎನ್ನುತ್ತಿದ್ದರು. ಪವಾಡವನ್ನು ಸಂದೇಹಿಸುವುದೇ ಅವನ ಧರ್ಮಕಾರ್ಯ!

ಗಣಿತದ ಸೂತ್ರಗಳನ್ನು ನಾಮಗಿರಿ ದೇವಿ ಕನಸಿನಲ್ಲಿ ಕೊಡುತ್ತಾಳೆ ಎನ್ನುತ್ತಿದ್ದರು ಶ್ರೀನಿವಾಸ ರಾಮಾನುಜನ್. ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿ ಅಪ್ಪಟ ನಾಸ್ತಿಕ! ಒಬ್ಬರು ಸೂತ್ರ ಬರೆದರೆ ಇನ್ನೊಬ್ಬರು 'ಸಾಧಿಸಿ ತೋರಿಸು' ಎಂದರು. ನಂಬಿಕೆ, ಸಂದೇಹ ಎರಡೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಮಾಡಿದ ಗಣಿತವನ್ನು ಜಗತ್ತು ಇಂದಿಗೂ ಓದುತ್ತಿದೆ!

ಅದೇ ಕೇಂಬ್ರಿಜ್‌ನಲ್ಲಿ ಇನ್ನೊಬ್ಬ ಗಣಿತಜ್ಞರಿದ್ದರು, ಲಿಟಲ್‌ವುಡ್. ಅವರ ಹೆಸರಿನಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಹತ್ತು ಲಕ್ಷಕ್ಕೊಮ್ಮೆ ಆಗುವಂಥದ್ದು ಪವಾಡ ಎಂದುಕೊಳ್ಳಿ. ದಿನಕ್ಕೆ 8 ಗಂಟೆ ನಾವು ಚುರುಕಾಗಿರುತ್ತೇವೆ. ಸೆಕೆಂಡಿಗೆ ಒಂದರಂತೆ ಏನಾದರೂ ನೋಡುತ್ತೇವೆ, ಕೇಳುತ್ತೇವೆ. ದಿನಕ್ಕೆ 28,800 ಸಂಗತಿಗಳಾದವು. 35 ದಿನಕ್ಕೆ ಹತ್ತು ಲಕ್ಷ ದಾಟಿತು! ಅಂದರೆ ತಿಂಗಳಿಗೊಂದು ಪವಾಡ ಲೆಕ್ಕದ ಪ್ರಕಾರವೇ ನಿಮ್ಮ ಪಾಲಿಗಿದೆ. ಕಂಡಾಗ ಕೈಮುಗಿಯಬೇಕೆನಿಸಿದರೆ ಮುಗಿಯಿರಿ. ಆಮೇಲೆ ತಪ್ಪದೆ, ಇದು ಹೇಗಾಯಿತು ಎಂದು ಕೇಳಿ!