ಫಾರ್ಮ್ ವಸ್ತುವಿನ ರವಾನೆ

ಫಾರ್ಮ್ ವಸ್ತುವಿನ ರವಾನೆ ಎಂಬುದು ಡೆಸ್ಕ್‌ಟಾಪ್ ದತ್ತಸಂಚಯ ತಂತ್ರಾಂಶಗಳಲ್ಲಿ ತೆರೆದಿರುವ ಫಾರ್ಮ್ ಒಂದನ್ನು, ಅದರ ಹೊರಗಿನ ಮಾಡ್ಯೂಲ್‌ನಲ್ಲಿರುವ ಕಾರ್ಯವಿಧಾನಕ್ಕೆ ನಿಯತಾಂಕವಾಗಿ ಒಪ್ಪಿಸುವ ಕ್ರಮವಾಗಿದೆ. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಫಾರ್ಮ್ ತನ್ನನ್ನು ತಾನು ‘ಮೀ’ ಎಂಬ ಪದದಿಂದ ಸೂಚಿಸಿದರೆ, ವಿಷುಯಲ್ ಫಾಕ್ಸ್‌ಪ್ರೊದಲ್ಲಿ ‘ದಿಸ್‌ಫಾರ್ಮ್’ ಎಂಬ ಪದ ಬಳಕೆಯಲ್ಲಿದೆ.

ಉಪಯೋಗ

ಚಿಕ್ಕಮಗಳೂರು ಜಿಲ್ಲೆಯ ಅಡಿಕೆ ಮತ್ತು ತೆಂಗು ಬೆಳೆಗಾರರ ವಿವರಗಳನ್ನು ದಾಖಲಿಸುವ ದತ್ತಸಂಚಯವೊಂದನ್ನು ಉದಾಹರಣೆಗಾಗಿ ಊಹಿಸಬಹುದು. ಸದಸ್ಯತ್ವ, ಸಾಲ, ಮಾರಾಟ ಎಂಬ ಮೂರು ಫಾರ್ಮ್‌ಗಳಲ್ಲಿಯೂ ಕಡೂರು, ತರೀಕೆರೆ ಎಂಬ ತಾಲ್ಲೂಕುಗಳ ಪಟ್ಟಿಯಿದ್ದು, ಅದನ್ನು ತುಂಬುವ ಸಂಕೇತವನ್ನು ಪ್ರತಿ ಫಾರ್ಮ್‌ನಲ್ಲಿಯೂ ಬೇರೆಬೇರೆಯಾಗಿ ಬರೆಯಲಾಗಿದೆ ಎಂದಿಟ್ಟುಕೊಳ್ಳೋಣ. ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದಾಗ ಮೂರನ್ನೂ ತಿದ್ದಬೇಕಾಗುತ್ತದೆ. ಒಂದು ಕೈತಪ್ಪಿದರೂ ಒಬ್ಬನೇ ರೈತನ ಸಾಲ ತರೀಕೆರೆಯಲ್ಲಿಯೂ ಮಾರಾಟ ಅಜ್ಜಂಪುರದಲ್ಲಿಯೂ ದಾಖಲಾಗಿ, ತಾಲ್ಲೂಕುವಾರು ಮೊತ್ತಗಳು ತಾಳೆಯಾಗುವುದಿಲ್ಲ. ತಾಲ್ಲೂಕುಗಳ ಹೆಸರನ್ನು ಕೋಷ್ಟಕದಲ್ಲಿ ಇಡುವುದೇ ಸರಿಯಾದ ಕ್ರಮ. ಆದರೂ ತಾಲ್ಲೂಕಿಗೆ ತಕ್ಕಂತೆ ಹೋಬಳಿಗಳ ಪಟ್ಟಿಯನ್ನು ಬದಲಿಸುವುದು, ಖಾಲಿ ಬಿಟ್ಟ ಅಂಕಣಗಳನ್ನು ಪರೀಕ್ಷಿಸುವುದು ಮುಂತಾದ ಕೆಲಸಗಳು ಸಂಕೇತವಾಗಿಯೇ ಉಳಿಯುತ್ತವೆ. ಇವುಗಳಿಗೆ ಒಂದೇ ಕಾರ್ಯವಿಧಾನವನ್ನು ಬರೆದು, ಕರೆಯುವ ಫಾರ್ಮ್ ‘ಮೀ’ಯನ್ನು ಕಳುಹಿಸಿದರೆ ಸಾಕು.

ಕಾರ್ಯರೀತಿ

ರವಾನೆಯಾಗುವುದು ಫಾರ್ಮ್‌ನ ಪ್ರತಿಯಲ್ಲ, ಅದರ ಉಲ್ಲೇಖ ಮಾತ್ರ. ಆದುದರಿಂದ ಹೊರಗಿನ ಸಂಕೇತ ಮಾಡಿದ ಬದಲಾವಣೆ ತೆರೆಯ ಮೇಲಿನ ಫಾರ್ಮ್‌ನಲ್ಲಿಯೇ ಕಾಣುತ್ತದೆ. ‘ಬೈವ್ಯಾಲ್’ ಎಂದು ಘೋಷಿಸಿದರೂ ಇದು ಬದಲಾಗುವುದಿಲ್ಲ. ಆಗ ಪ್ರತಿಯಾಗುವುದು ಉಲ್ಲೇಖವಷ್ಟೇ. ನಿಯತಾಂಕವನ್ನು ಸಾಮಾನ್ಯ ‘ಫಾರ್ಮ್’ ಬಗೆಯದೆಂದು ಘೋಷಿಸಿದಾಗ ಯಾವ ಫಾರ್ಮ್ ಆದರೂ ಸಲ್ಲುತ್ತದೆ. ಆದರೆ ನಿಯಂತ್ರಕದ ಹೆಸರು ತಪ್ಪಾಗಿದ್ದರೆ ಅದು ಕಂಪೈಲ್ ಹಂತದಲ್ಲಿ ತಿಳಿಯದೆ, ಓಡುವಾಗಲೇ ದೋಷವಾಗಿ ಎದುರಾಗುತ್ತದೆ.

ಸಾಮಾನ್ಯ ತೊಡಕುಗಳು

ಕಲಿಯುವವರನ್ನು ಹೆಚ್ಚು ಕಾಡುವುದು ಆವರಣ ಚಿಹ್ನೆ. ‘ಕಾಲ್’ ಪದವಿಲ್ಲದೆ ಕಾರ್ಯವಿಧಾನವನ್ನು ಕರೆದು ‘ಮೀ’ಯನ್ನು ಆವರಣದೊಳಗೆ ಬರೆದರೆ, ಆಕ್ಸೆಸ್ ಅದನ್ನು ಲೆಕ್ಕಹಾಕಬೇಕಾದ ಪದಪುಂಜವೆಂದು ಭಾವಿಸುತ್ತದೆ, ಫಾರ್ಮ್‌ನ ಬದಲು ಅದರ ಪೂರ್ವನಿಯೋಜಿತ ಗುಣವನ್ನು ತೆಗೆದುಕೊಂಡು, ಬಗೆ ಹೊಂದಿಕೆಯಾಗದೆಂಬ 13ನೇ ದೋಷವನ್ನು ತೋರಿಸುತ್ತದೆ. ಸಂದೇಶದಲ್ಲಿ ಆವರಣದ ಸುಳಿವೇ ಇರುವುದಿಲ್ಲವಾದ್ದರಿಂದ ಕಾರಣ ಹುಡುಕುವುದು ಕಷ್ಟ.

ಉಪಫಾರ್ಮ್‌ಗಳು ‘ಫಾರ್ಮ್ಸ್’ ಸಂಗ್ರಹದಲ್ಲಿ ಸೇರಿರುವುದಿಲ್ಲ. ಹೆಸರಿನಿಂದ ಹುಡುಕುವ ಸಂಕೇತ ಇಲ್ಲಿ ಸೋಲುತ್ತದೆ. ಉಲ್ಲೇಖ ರವಾನಿಸುವ ಸಂಕೇತ ಸೋಲುವುದಿಲ್ಲ, ಏಕೆಂದರೆ ಉಪಫಾರ್ಮ್‌ನ ಒಳಗೆ ‘ಮೀ’ ಎಂದರೆ ಆ ಉಪಫಾರ್ಮ್ ಎಂದೇ ಅರ್ಥ. ಪಡೆದ ಉಲ್ಲೇಖವನ್ನು ಮಾಡ್ಯೂಲ್ ಮಟ್ಟದ ಚರಾಂಕದಲ್ಲಿ ಉಳಿಸಿಕೊಂಡು, ಫಾರ್ಮ್ ಮುಚ್ಚಿದ ನಂತರ ಬಳಸಿದರೆ ದೋಷ ಉಂಟಾಗುತ್ತದೆ.