ಕೊಕ್ಕೆ ಲಾರಿ: ಕೊಳ್ಳುವ ಮುನ್ನ, ಕಟ್ಟಿಸುವ ಮುನ್ನ



ಕಳೆದ ಸರ್ವಸದಸ್ಯರ ಸಭೆಯಲ್ಲಿ ಸಂಘದ ಹಳೆಯ ಟಿಪ್ಪರ್ ಲಾರಿಯನ್ನು ಮಾರಿ ಹೊಸದೊಂದನ್ನು ತರುವ ವಿಷಯ ಚರ್ಚೆಗೆ ಬಂದಾಗ, ಕೆಲವು ಯುವ ಸದಸ್ಯರು ‘ಕೊಕ್ಕೆ ಲಾರಿಯನ್ನೇ ಏಕೆ ತರಬಾರದು?’ ಎಂದು ಕೇಳಿದ್ದು ತಮಗೆ ನೆನಪಿರಬಹುದು. ಹಿರಿಯರಲ್ಲಿ ಹಲವರು ಅದೇನೆಂದು ತಿಳಿಯದೆ ಸುಮ್ಮನಿದ್ದರು. ನಾವೂ ಅಂದು ಸರಿಯಾದ ಉತ್ತರ ಕೊಡಲಾರದೆ, ವಿಚಾರಿಸಿ ಪತ್ರಿಕೆಯಲ್ಲಿ ಬರೆಯುತ್ತೇವೆಂದು ಒಪ್ಪಿಕೊಂಡೆವು. ಆ ಮೇಲೆ ಎರಡು ಮೂರು ವರ್ಕ್‌ಷಾಪುಗಳನ್ನು ನೋಡಿ, ಪಟ್ಟಣದ ಕಸ ಸಾಗಿಸುವ ಚಾಲಕರೊಡನೆ ಮಾತನಾಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಹೋಗುವುದು ತಮ್ಮ ಷೇರು ಹಣ, ಉಳಿದದ್ದಕ್ಕೆ ಸಾಲ. ಆದ್ದರಿಂದ ತೀರ್ಮಾನಕ್ಕೆ ಮುಂಚೆ ಎಲ್ಲರೂ ಓದಬೇಕೆಂದು ವಿನಂತಿ.

ಕೊಕ್ಕೆ ಲಾರಿಯ ತತ್ವ ಬಹಳ ಸರಳ. ಮಾಮೂಲು ಲಾರಿಯಲ್ಲಿ ಬಾಡಿ ಚಾಸಿಗೆ ಅಂಟಿಕೊಂಡೇ ಇರುತ್ತದೆ. ಇಲ್ಲಿ ಬಾಡಿ ಒಂದು ಬೇರೆ ಪೆಟ್ಟಿಗೆ. ಲಾರಿಯ ಬೆನ್ನಿನ ಮೇಲೆ ಮಡಚಿಕೊಂಡಿರುವ ಉಕ್ಕಿನ ತೋಳು, ತೋಳಿನ ತುದಿಯಲ್ಲಿ ಒಂದು ಕೊಕ್ಕೆ. ಪೆಟ್ಟಿಗೆಯ ಮುಂಭಾಗದಲ್ಲಿ ಎತ್ತರಕ್ಕೆ ಒಂದು ಅಡ್ಡ ಸರಳು. ಗೇರ್‌ಬಾಕ್ಸಿನಿಂದ ಶಕ್ತಿ ಪಡೆಯುವ ಪಂಪು ಎಣ್ಣೆಯನ್ನು ಒತ್ತಿದಾಗ ತೋಳು ಹಿಂದಕ್ಕೆ ಬಾಗಿ, ನೆಲದ ಮೇಲಿರುವ ಪೆಟ್ಟಿಗೆಯ ಸರಳಿಗೆ ಕೊಕ್ಕೆ ಸಿಕ್ಕಿಸಿ, ಮುಂಭಾಗವನ್ನು ಎತ್ತಿ ಎಳೆದುಕೊಳ್ಳುತ್ತದೆ. ಪೆಟ್ಟಿಗೆಯ ಹಿಂಬದಿಯ ಉರುಳೆಗಳು ನೆಲದ ಮೇಲೆ ಉರುಳುತ್ತ ಬರುತ್ತವೆ. ಅಡಿಯ ಎರಡು ಉದ್ದ ತೊಲೆಗಳು ಚಾಸಿಯ ತುದಿಯ ಉರುಳೆಗಳ ಮೇಲೆ ಜಾರಿ ಮೇಲೇರುತ್ತವೆ. ಕೊನೆಗೆ ಬೀಗಗಳು ಕಚ್ಚಿಕೊಳ್ಳುತ್ತವೆ. ಇಷ್ಟಕ್ಕೂ ಕೆಲವೇ ನಿಮಿಷ ಸಾಕು, ಚಾಲಕನೊಬ್ಬನೇ ಸಾಕು. ಬೀಗ ಹಾಕಿದ ಸ್ಥಿತಿಯಲ್ಲೇ ತೋಳನ್ನು ಎತ್ತಿದರೆ ಅದೇ ಲಾರಿ ಟಿಪ್ಪರಿನಂತೆ ಸರಕು ಸುರಿಯುತ್ತದೆ.

ಹಾಗಾದರೆ ಲಾಭ ಎಲ್ಲಿದೆ? ಲಾರಿ ಕಾಯುವುದಿಲ್ಲ, ಪೆಟ್ಟಿಗೆ ಕಾಯುತ್ತದೆ. ನಮ್ಮ ಟಿಪ್ಪರ್ ಒಂದು ಕಡೆ ಗೊಬ್ಬರ ತುಂಬಿಸಿಕೊಳ್ಳಲು ಮೂರು ಗಂಟೆ ನಿಂತರೆ ಆ ಮೂರು ಗಂಟೆಯ ಚಾಲಕನ ಸಂಬಳ, ಸಾಲದ ಬಡ್ಡಿ, ವಿಮೆ ಎಲ್ಲವೂ ನಿಂತಲ್ಲೇ ಓಡುತ್ತಿರುತ್ತವೆ. ಕೊಕ್ಕೆ ಲಾರಿ ಖಾಲಿ ಪೆಟ್ಟಿಗೆ ಇಳಿಸಿ, ತುಂಬಿದ್ದನ್ನು ಎತ್ತಿಕೊಂಡು ಹೊರಡುತ್ತದೆ. ಇಂದೋರಿನಂಥ ನಗರಗಳಲ್ಲಿ ಸಣ್ಣ ಗಾಡಿಗಳು ತಂದ ಕಸವನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಒತ್ತಿ ತುಂಬಿ ಸಾಗಿಸುವುದು ಇಂಥ ಲಾರಿಗಳಿಂದಲೇ. ಆದರೆ ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಪೆಟ್ಟಿಗೆ ತುಂಬುವಷ್ಟು ಸರಕು ಒಂದೇ ಜಾಗದಲ್ಲಿ ದಿನಾ ಸಿಗದಿದ್ದರೆ ಈ ಲಾಭ ಕಾಗದದ ಮೇಲಷ್ಟೇ ಉಳಿಯುತ್ತದೆ.

ನಮ್ಮ ಸರಕುಗಳನ್ನು ಒಂದೊಂದಾಗಿ ನೋಡೋಣ. ಮೊದಲಿಗೆ ಎಲ್ಲರ ಮನಸ್ಸಿಗೆ ಬರುವುದು ಕಾಫಿ ಹಣ್ಣು. ಇಲ್ಲಿ ನಮಗೆ ಉತ್ಸಾಹವಿಲ್ಲ. ಮೂರು ನಾಲ್ಕು ಎಕರೆಯ ಬೆಳೆಗಾರನಿಗೆ ಒಂದು ದಿನದ ಕೊಯ್ಲು ಕೆಲವೇ ಚೀಲ. ಹಲವರ ಹಣ್ಣನ್ನು ಒಂದೇ ಪೆಟ್ಟಿಗೆಗೆ ಸುರಿದರೆ, ಕಾಯಿ ಹೆಚ್ಚು ಬೆರೆತದ್ದು ಯಾರದು, ಚೆನ್ನಾಗಿ ಹಣ್ಣಾದದ್ದು ಯಾರದು ಎಂದು ಆಮೇಲೆ ಹೇಳುವವರು ಯಾರು? ಅದಲ್ಲದೆ ಹಣ್ಣು ಆಳವಾಗಿ ರಾಶಿ ಬಿದ್ದರೆ ಒಳಗೆ ಬಿಸಿಯೇರಿ ಹುಳಿಯುತ್ತದೆ. ಕೊಯ್ದ ದಿನವೇ ಪಲ್ಪರಿಗೆ ಹೋಗಬೇಕಾದ ವಸ್ತುವನ್ನು ‘ಪೆಟ್ಟಿಗೆ ತುಂಬಲಿ’ ಎಂದು ಕಾಯಿಸುವುದು ಸಲ್ಲದು. ಚೀಲಕ್ಕೆ ಹೆಸರು ಬರೆದು ಪಿಕಪ್ಪಿನಲ್ಲಿ ಕಳಿಸುವ ಈಗಿನ ಪದ್ಧತಿಯೇ ಮೇಲು. ಕ್ಯೂರಿಂಗಿಗೆ ಹೋಗುವ ಪಾರ್ಚ್‌ಮೆಂಟ್, ಒಣ ಚೆರ್ರಿಗಳೂ ಚೀಲದ ಸರಕೇ. ಅವಕ್ಕೆ ಮಾಮೂಲು ಲಾರಿ ಬಾಡಿಗೆಗೆ ಧಾರಾಳವಾಗಿ ಸಿಗುತ್ತದೆ.

ನಿಜವಾದ ಕೆಲಸವಿರುವುದು ಅಡಿಕೆ ಸಿಪ್ಪೆಯಲ್ಲಿ. ಹಸಿ ಅಡಿಕೆಯಲ್ಲಿ ನೂರಕ್ಕೆ 60ರಿಂದ 80 ಭಾಗ ಸಿಪ್ಪೆಯೇ. ಸುಲಿಯುವ ಯಂತ್ರಗಳು ಬಂದ ಮೇಲೆ ಒಂದೇ ಕಣದಲ್ಲಿ ಹತ್ತಾರು ಮನೆಯ ಅಡಿಕೆ ಸುಲಿದು, ಗುಡ್ಡದಂತೆ ಸಿಪ್ಪೆ ಬೀಳುತ್ತಿದೆ. ಅದು ರಾತ್ರಿ ರಸ್ತೆ ಬದಿಗೆ ಹೋಗಿ, ಬೆಂಕಿ ಬಿದ್ದು, ವಾರಗಟ್ಟಲೆ ಹೊಗೆಯಾಡುವುದನ್ನು ನಾವೆಲ್ಲ ನೋಡಿದ್ದೇವೆ. ಬೈಕಿನವರಿಗೆ ದಾರಿ ಕಾಣುವುದಿಲ್ಲ, ಮಕ್ಕಳು ಕೆಮ್ಮುತ್ತಾರೆ, ಪಂಚಾಯಿತಿಯವರು ಬೈಯುತ್ತಾರೆ. ಸುಲಿಯುವ ಯಂತ್ರದ ಬಾಯಿಗೇ ಒಂದು ದೊಡ್ಡ ಪೆಟ್ಟಿಗೆ ಇಟ್ಟರೆ ಸಿಪ್ಪೆ ನೆಲಕ್ಕೇ ಬೀಳುವುದಿಲ್ಲ. ತುಂಬಿದಾಗ ಒಂದು ಫೋನು, ಪೆಟ್ಟಿಗೆ ಬದಲು. ಸಿಪ್ಪೆ ನಿಧಾನವಾಗಿ ಕೊಳೆಯುವ ವಸ್ತುವಾದರೂ ಸಗಣಿ, ಹಸಿರೆಲೆ ಬೆರೆಸಿ ತೇವ ಕಾದರೆ ಗೊಬ್ಬರವಾಗುತ್ತದೆ. ನಮ್ಮ ತೋಟದಿಂದ ಹೊರಟದ್ದು ನಮ್ಮ ತೋಟಕ್ಕೇ ಮರಳುತ್ತದೆ. ಪಲ್ಪಿಂಗ್ ಸಿಪ್ಪೆಯ ವಿಷಯವೂ ಹೀಗೆಯೇ. ಆದರೆ ಅದು ನೀರು ಸೋರುವ ಸರಕು, ಪೆಟ್ಟಿಗೆಯ ತಳ ಮತ್ತು ಬಾಗಿಲು ಬಿಗಿಯಾಗಿರಬೇಕು. ಉಳಿದಂತೆ ಕೊಟ್ಟಿಗೆ ಗೊಬ್ಬರ, ಸುಣ್ಣ, ಜಲ್ಲಿ, ಮರಳು.

ಒಂದೇ ಪೆಟ್ಟಿಗೆ ಎಲ್ಲಕ್ಕೂ ಆಗದು. ಜಲ್ಲಿ ಘನ ಮೀಟರಿಗೆ ಸುಮಾರು ಒಂದೂವರೆ ಟನ್ನು ತೂಗುತ್ತದೆ. ಸಿಪ್ಪೆಯೋ ಬರೀ ಗಾಳಿ. ಜಲ್ಲಿಗೆ ಎರಡಡಿ ಎತ್ತರದ ಗಟ್ಟಿ ಪೆಟ್ಟಿಗೆ, ಸಿಪ್ಪೆಗೆ ಆರಡಿ ಎತ್ತರದ ಹಗುರ ಪೆಟ್ಟಿಗೆ ಬೇಕು. ಎತ್ತರದ ಪೆಟ್ಟಿಗೆಗೆ ಯಾರಾದರೂ ಜಲ್ಲಿ ತುಂಬಿಬಿಟ್ಟರೆ ಲಾರಿಯ ಮುಂದಿನ ಚಕ್ರ ಏಳುತ್ತದೆಯೇ ಹೊರತು ಪೆಟ್ಟಿಗೆ ಏಳುವುದಿಲ್ಲ. ಪ್ರತಿ ಪೆಟ್ಟಿಗೆಯ ಒಳಗೋಡೆಗೆ ‘ಜಲ್ಲಿ ಇಲ್ಲಿಯವರೆಗೆ’ ಎಂದು ಬಿಳಿ ಗೆರೆ ಎಳೆಸಬೇಕೆಂದು ಒಬ್ಬ ಚಾಲಕರು ನಮಗೆ ಹೇಳಿದರು. ಒಳ್ಳೆಯ ಸಲಹೆ.

ಈಗ ತೂಕದ ಲೆಕ್ಕ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿದ ಮೇಲೆ, ಆರು ಟೈರಿನ ಎರಡು ಆಕ್ಸಲ್ ಲಾರಿಗೆ ಒಟ್ಟು ಗರಿಷ್ಠ 18.5 ಟನ್ನು, ಮೂರು ಆಕ್ಸಲಿನದಕ್ಕೆ 28.5 ಟನ್ನು. ಉದಾಹರಣೆಗೆ 18.5 ಟನ್ನಿನದನ್ನೇ ಹಿಡಿಯಿರಿ. ಕ್ಯಾಬಿನ್ ಸಹಿತ ಚಾಸಿ ಐದೂವರೆ ಟನ್ನು, ಕೊಕ್ಕೆ ತೋಳು ಮತ್ತು ಅದರ ಚೌಕಟ್ಟು 1.8, ಖಾಲಿ ಪೆಟ್ಟಿಗೆ 1.7 ಎಂದಿಟ್ಟುಕೊಂಡರೆ ಸರಕಿಗೆ ಉಳಿಯುವುದು 9.5 ಟನ್ನು. 12 ಟನ್ನಿನ ಸಣ್ಣ ಲಾರಿಯಲ್ಲಿ ಚಾಸಿ 4, ತೋಳು 1.2, ಪೆಟ್ಟಿಗೆ 1.1 ಎಂದರೆ ಉಳಿಯುವುದು 5.7. ಮಾರುವವರು ‘ಹದಿನಾಲ್ಕು ಟನ್ನಿನ ಕೊಕ್ಕೆ’ ಎಂದರೆ ಅದು ತೋಳು ಎತ್ತಬಲ್ಲ ಭಾರ, ಪೆಟ್ಟಿಗೆಯ ತೂಕವೂ ಸೇರಿ. ರಸ್ತೆಯ ಮೇಲೆ ಒಯ್ಯಬಹುದಾದ ಭಾರವಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡವರು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಾದದ್ದನ್ನು ಇಳಿಸುವ ಖರ್ಚೂ ನಮ್ಮದೇ.

ದೊಡ್ಡದು ಅಗ್ಗ ಬೀಳುತ್ತದೆಂಬ ವಾದ ಬಯಲುಸೀಮೆಗೆ ಸರಿ. ನಮ್ಮ ಕಡೆ ಮೋರಿಗಳು, ಧರೆಗಳು, ತಿರುವುಗಳು ಹೇಳುವ ಮಾತೇ ಬೇರೆ. ಕೊಕ್ಕೆ ಲಾರಿ ಪೆಟ್ಟಿಗೆಯನ್ನು ಹಿಂದಕ್ಕೆ ಇಳಿಸುವುದರಿಂದ ಲಾರಿಯ ಉದ್ದ ಮತ್ತು ಪೆಟ್ಟಿಗೆಯ ಉದ್ದ ಎರಡೂ ಸೇರಿದಷ್ಟು ನೇರ ಜಾಗ ಬೇಕು. ಏಳು ಮೀಟರಿನ ಲಾರಿ, ನಾಲ್ಕೂವರೆ ಮೀಟರಿನ ಪೆಟ್ಟಿಗೆ ಎಂದರೆ ಹನ್ನೆರಡು ಮೀಟರಿಗೆ ಕಡಿಮೆಯಿಲ್ಲ. ಜಾಗ ಸಮತಟ್ಟಾಗಿರಬೇಕು. ಅಡ್ಡ ಇಳುಕಲಿನಲ್ಲಿ ತುಂಬಿದ ಪೆಟ್ಟಿಗೆ ಮೇಲೇರುವಾಗ ಲಾರಿ ಮಗುಚುವ ಅಪಾಯವಿದೆ. ಮೇಲೆ ಕರೆಂಟಿನ ತಂತಿ ಇರಲೇಬಾರದು. ಸುರಿಯುವಾಗ ಪೆಟ್ಟಿಗೆಯ ಮುಂತುದಿ ಐದಾರು ಮೀಟರ್ ಮೇಲಕ್ಕೆ ಹೋಗುತ್ತದೆ. ಸಿಲ್ವರ್ ಮರದ ಕೊಂಬೆ ಮುರಿದರೆ ಮೆಣಸಿನ ಬಳ್ಳಿ ಹೋದೀತು. ತಂತಿ ತಗುಲಿದರೆ ಚಾಲಕನ ಜೀವವೇ ಹೋದೀತು. ಕಾಫಿ ಕಣದ ಕಾಂಕ್ರೀಟಿನ ಮೇಲೆ ಪೆಟ್ಟಿಗೆ ಇಳಿಸಲು ಬಿಡಬೇಡಿ. ಕಬ್ಬಿಣದ ಉರುಳೆ ಕಣವನ್ನು ಸೀಳಿಬಿಡುತ್ತದೆ. ಪಕ್ಕದಲ್ಲಿ ಬೇರೆ ಕಲ್ಲುಹಾಸು ಮಾಡಿಸಿ.

ಇಷ್ಟು ಜಾಗವಿಲ್ಲದವರಿಗೆ ಪಟ್ಟಣಗಳಲ್ಲಿ ‘ಡಂಪರ್ ಪ್ಲೇಸರ್’ ಎನ್ನುವ ಇನ್ನೊಂದು ಬಗೆ ಇದೆ. ಎರಡು ತೋಳು, ನಾಲ್ಕು ಸರಪಣಿ. ತೊಟ್ಟಿಯನ್ನು ಮಟ್ಟಸವಾಗಿಯೇ ಎತ್ತಿ ಬೆನ್ನ ಮೇಲೆ ಕೂರಿಸುತ್ತದೆ. ಹಿಂದೆ ಹೆಚ್ಚು ಜಾಗ ಬೇಡ, ಬೆಲೆಯೂ ಕಡಿಮೆ. ಆದರೆ ತೊಟ್ಟಿ ಸಣ್ಣದು. ಹಗುರವಾದ ಸಿಪ್ಪೆಗೆ ಅದು ಒದಗುವುದಿಲ್ಲ. ಜಲ್ಲಿ, ಗೊಬ್ಬರವಷ್ಟೇ ನಮ್ಮ ಸರಕಾಗಿದ್ದರೆ ಅದನ್ನೇ ಕೊಳ್ಳಿರೆಂದು ಹೇಳುತ್ತಿದ್ದೆವು.

ಕಟ್ಟಿಸುವ ವಿಷಯದಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು ಕೊಕ್ಕೆಯ ಎತ್ತರ. ನೆಲಕ್ಕೆ ಕೂತ ಪೆಟ್ಟಿಗೆಯ ಸರಳು ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಇದು. ಜರ್ಮನಿಯ ಡಿಐಎನ್ 30722 ಮಾನಕದಂತೆ ದೊಡ್ಡ ಲಾರಿಗಳಿಗೆ 1570 ಮಿಲಿಮೀಟರ್. ಅಮೆರಿಕದಲ್ಲಿ 36, 54 ಮತ್ತು 61¾ ಇಂಚಿನವು ಬಳಕೆಯಲ್ಲಿವೆ. ಸಣ್ಣ ಲಾರಿಗಳಿಗೆ ಕಟ್ಟುವವರು ತಮ್ಮ ತಮ್ಮ ಅಳತೆ ಇಟ್ಟುಕೊಂಡಿರುವುದುಂಟು. ಒಬ್ಬರಲ್ಲಿ ಲಾರಿ, ಇನ್ನೊಬ್ಬರಲ್ಲಿ ಅಗ್ಗವೆಂದು ಪೆಟ್ಟಿಗೆ ಮಾಡಿಸಿದರೆ ಮೂರು ಬೆರಳಿನ ವ್ಯತ್ಯಾಸಕ್ಕೆ ಕೊಕ್ಕೆ ಸರಿಯಾಗಿ ಕಚ್ಚದೆ ಪೆಟ್ಟಿಗೆ ಅಂಗಳದಲ್ಲೇ ಉಳಿಯುತ್ತದೆ. ಸರಳಿನ ದಪ್ಪ, ತೊಲೆಗಳ ನಡುವಿನ ಅಂತರ, ಬೀಗದ ಸ್ಥಾನ ಇವೂ ಕೂಡಬೇಕು. ನಕ್ಷೆಯನ್ನು ಬರವಣಿಗೆಯಲ್ಲಿ ಪಡೆದು, ಒಪ್ಪಂದಕ್ಕೆ ಲಗತ್ತಿಸಿಯೇ ಮುಂಗಡ ಕೊಡಬೇಕು.

ಎರಡನೆಯದು ಚಾಸಿ. ಇದನ್ನು ನಾವು ಸ್ವಂತ ನಷ್ಟದಿಂದ ಕಲಿತೆವು. ಈಗಿನ ಟಿಪ್ಪರಿಗೆ ಬಾಡಿ ಕಟ್ಟಿಸುವಾಗ ಹತ್ತಿರದ ಪಟ್ಟಣದ ಒಂದು ವರ್ಕ್‌ಷಾಪಿನವರು ಬ್ರಾಕೆಟ್ಟುಗಳನ್ನು ಚಾಸಿಯ ಮೇಲಂಚಿಗೇ ವೆಲ್ಡ್ ಮಾಡಿದರು. ಗಟ್ಟಿಯಾಗಿದೆಯೆಂದು ನಾವೂ ತಲೆದೂಗಿ ಬಿಲ್ಲಿಗೆ ಸಹಿ ಹಾಕಿದೆವು. ಎರಡನೇ ಬೇಸಗೆಯಲ್ಲಿ ಜಲ್ಲಿ ಹೊತ್ತು ಏರು ಹತ್ತುವಾಗ ಸರಿಯಾಗಿ ಆ ವೆಲ್ಡಿನ ಅಂಚಿನಿಂದಲೇ ಚಾಸಿ ಸೀಳಿತು. ಲಾರಿ ಹಿಂದಕ್ಕೆ ಬರಲಿಲ್ಲ, ಚಾಲಕ ಉಳಿದ. ಅದು ದೇವರ ದಯೆ. ಆ ವರ್ಷ ಸದಸ್ಯರಿಗೆ ಡಿವಿಡೆಂಡ್ ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣವೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಚಾಸಿಯ ಅಂಚಿಗೆ ವೆಲ್ಡ್ ಇಲ್ಲ, ತೂತು ಇಲ್ಲ. ತಯಾರಕರು ತೋರಿಸಿದ ಜಾಗದಲ್ಲಿ ಪಟ್ಟಿ ಹಾಕಿ ಬೋಲ್ಟು ಮಾಡಬೇಕು. ಕೊಕ್ಕೆ ಲಾರಿಯಲ್ಲಿ ಇದು ಇನ್ನೂ ಮುಖ್ಯ. ಪೆಟ್ಟಿಗೆ ಏರುವ ಕ್ಷಣದಲ್ಲಿ ಭಾರವೆಲ್ಲ ಚಾಸಿಯ ಹಿಂತುದಿಗೇ ಬೀಳುತ್ತದೆ.

ಹಳೆಯ ಲಾರಿ ಕೊಂಡು ತೋಳು ಕೂರಿಸುವ ಯೋಚನೆಯನ್ನೂ ಕೆಲವರು ಹೇಳಿದ್ದಾರೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿಯಾದ ವಾಹನದ ರೂಪ ಬದಲಿಸಲು ಇರುವ ನಿಯಮಗಳನ್ನು ಆರ್‌ಟಿಓ ಕಚೇರಿಯಲ್ಲಿ ಮೊದಲೇ ತಿಳಿದು, ಒಪ್ಪಿಗೆ ಪಡೆದೇ ಕೈಹಾಕಬೇಕು. ತೋಳನ್ನೇ ಹಳೆಯದು ಕೊಳ್ಳುವುದಾದರೆ ಸಿಲಿಂಡರಿನ ಹೊಳೆಯುವ ದಂಡದ ಮೇಲೆ ಗೀರು, ತುಕ್ಕಿನ ಚುಕ್ಕೆ ಇದೆಯೇ ನೋಡಿ. ಇದ್ದರೆ ಸೀಲು ನಿಲ್ಲುವುದಿಲ್ಲ. ತುಂಬಿದ ಪೆಟ್ಟಿಗೆಯನ್ನು ಅರ್ಧಕ್ಕೆ ಎತ್ತಿಸಿ ಹತ್ತು ನಿಮಿಷ ಹಾಗೆಯೇ ಬಿಡಿಸಿ, ದೂರ ನಿಂತು ನೋಡಿ. ತಾನಾಗಿ ಇಳಿಯುತ್ತಿದ್ದರೆ ಮರಳಿ ಬನ್ನಿ. ಪಿನ್ನುಗಳು ಸವೆದು ಲಟಗುಟ್ಟುತ್ತಿದ್ದರೂ ಹಾಗೆಯೇ. ಬೀಗ ಕಚ್ಚಿದೆಯೆಂದು ಕ್ಯಾಬಿನ್ನಿನೊಳಗೆ ದೀಪ ತೋರಿಸುವ ವ್ಯವಸ್ಥೆ ಇರಲೇಬೇಕು. ಬೀಗವಿಲ್ಲದ ಪೆಟ್ಟಿಗೆಯೊಡನೆ ಘಾಟಿ ಇಳಿಯುವುದೆಂದರೇನು, ತಾವೇ ಊಹಿಸಿ.

ಬಾಡಿಗೆಗೆ ಓಡಿಸಲು ಸರಕು ಸಾಗಣೆ ಪರವಾನಗಿ ಬೇಕು. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್ನೆಸ್ ಮಾಡಿಸಬೇಕು. ವಿಮೆಯಲ್ಲಿ ತೋಳು ಮತ್ತು ಪೆಟ್ಟಿಗೆಗಳು ಪ್ರತ್ಯೇಕವಾಗಿ ನಮೂದಾಗಿವೆಯೇ ನೋಡಬೇಕು. ಸದಸ್ಯರಲ್ಲದವರ ಕೆಲಸಕ್ಕೆ ಕಳಿಸಲು ಸಂಘದ ಉಪವಿಧಿಯಲ್ಲಿ ಅವಕಾಶವಿದೆಯೇ ಎಂಬುದನ್ನು ಸಹಕಾರ ಇಲಾಖೆಯಲ್ಲಿ ಕೇಳಿದ್ದೇವೆ. ಈ ಪ್ರಶ್ನೆ ಸಣ್ಣದಲ್ಲ. ನಮ್ಮ ಸ್ವಂತ ಕೆಲಸ ಅಡಿಕೆ ಸುಲಿತ ಆರಂಭವಾದಲ್ಲಿಂದ ಬೇಸಗೆಯ ಗೊಬ್ಬರ, ಜಲ್ಲಿಯವರೆಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ತೋಟದ ರಸ್ತೆಗೆ ಭಾರದ ಗಾಡಿ ಇಳಿಯುವಂತಿಲ್ಲ. 2018 ಮತ್ತು 2019ರ ಮಳೆಗಳಲ್ಲಿ ಕೊಡಗಿನಲ್ಲೂ ಚಾರ್ಮಾಡಿಯಲ್ಲೂ ಏನಾಯಿತೆಂದು ಯಾರೂ ಮರೆತಿಲ್ಲ. ಆ ನಾಲ್ಕು ತಿಂಗಳು ಕಂತು ಕಟ್ಟುವವರು ಯಾರು? ಪಟ್ಟಣದಲ್ಲಿ ಹಳೆ ಕಟ್ಟಡದ ಮಣ್ಣು, ಪಂಚಾಯಿತಿಯ ಒಣ ಕಸ ಸಾಗಿಸುವ ಕೆಲಸ ಸಿಕ್ಕರೆ ಮಾತ್ರ ಲೆಕ್ಕ ಕೂಡುತ್ತದೆ ಎಂಬುದು ನಮ್ಮ ಅಂದಾಜು.

ನಮ್ಮ ಅಭಿಪ್ರಾಯ ಕೇಳಿದರೆ: 12 ಟನ್ನಿನ ಹೊಸ ಲಾರಿ, ತೋಳು ಮತ್ತು ಪೆಟ್ಟಿಗೆ ಒಬ್ಬರಿಂದಲೇ, ಮೊದಲಿಗೆ ಸಿಪ್ಪೆಯ ಎತ್ತರದ ಪೆಟ್ಟಿಗೆ ಮೂರು, ಗಟ್ಟಿ ಪೆಟ್ಟಿಗೆ ಒಂದು. ಆದರೆ ಕನಿಷ್ಠ ಆರು ಸುಲಿಯುವ ಕಣಗಳು ಸಿಪ್ಪೆ ಕೊಡುವುದಾಗಿ ಬರೆದುಕೊಡದಿದ್ದರೆ ಈ ಪ್ರಸ್ತಾಪವನ್ನು ನಾವೇ ಬೆಂಬಲಿಸುವುದಿಲ್ಲ. ಖಾಸಗಿ ಟ್ರ್ಯಾಕ್ಟರಿನವರು ಹತ್ತು ರೂಪಾಯಿ ಕಡಿಮೆ ಹೇಳಿದ ದಿನ ನಮ್ಮವರೇ ಅತ್ತ ತಿರುಗಿದ್ದನ್ನು ಈ ಹಿಂದೆ ಕಂಡಿದ್ದೇವೆ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಲೆಕ್ಕಕ್ಕಾಗಿ ಹೇಳುತ್ತಿದ್ದೇವೆ.

ಮೂರು ವರ್ಕ್‌ಷಾಪುಗಳ ದರಪಟ್ಟಿ, ನಕ್ಷೆಗಳು ಕಚೇರಿಯಲ್ಲಿವೆ. ಬಿಡುವಿದ್ದಾಗ ಬಂದು ನೋಡಬಹುದು. ಪೆಟ್ಟಿಗೆ ಇಡಿಸಿಕೊಳ್ಳಲು ಇಚ್ಛಿಸುವವರು ತಮ್ಮ ಕಣದ ಮುಂದಿನ ನೇರ ಜಾಗದ ಉದ್ದ, ದಾರಿಯ ಅತಿ ಕಿರಿದಾದ ಕಡೆಯ ಅಗಲ, ಮೋರಿಗಳ ಸ್ಥಿತಿ, ಮೇಲೆ ತಂತಿ ಹಾದಿದೆಯೇ ಎಂಬುದನ್ನು ಒಂದು ಕಾಗದದಲ್ಲಿ ಬರೆದು, ಮುಂದಿನ ಆಡಳಿತ ಮಂಡಳಿ ಸಭೆಗೆ ಮುಂಚೆ ಗುಮಾಸ್ತರ ಕೈಗೆ ಕೊಡಬೇಕಾಗಿ ಕೋರುತ್ತೇವೆ. ಅಳತೆಯನ್ನು ಹೆಜ್ಜೆ ಹಾಕಿ ಅಂದಾಜಿಸದೆ ಟೇಪು ಹಿಡಿದೇ ತೆಗೆಯಿರಿ.

— ಕಾರ್ಯದರ್ಶಿ