ಹೊಸಬನ ಪದಕೋಶ

ನಲವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ನನ್ನ ಮನೆಯಲ್ಲಿಯೇ ನನಗೆ ಅರ್ಥವಾಗದ ಮಾತನ್ನು ಯಾರಾದರೂ ಆಡಿಯಾರೆಂದು ಎಣಿಸಿರಲಿಲ್ಲ. ಆ ಗರ್ವವನ್ನು ಮುರಿದವನು ರಜೆಗೆ ಬಂದ ನನ್ನ ಮೊಮ್ಮಗ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವನಿಗೆ ಅವನ ಕೋಣೆಯಿಂದ ದನಿ ಕೇಳಿಸಿತು. ಹುಡುಗ ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದ. ಪಾಯಿಂಟ್ ಎಂದ, ಪ್ರೈಮರಿ ಎಂದ, ಪಾಡ್ ಎಂದ. ಒಂದೊಂದು ಪದವೂ ನನಗೆ ಪರಿಚಿತವೇ. ಸೇರಿದಾಗ ಮಾತ್ರ ತಲೆಬುಡ ತಿಳಿಯಲಿಲ್ಲ. ಬಾಗಿಲು ನೂಕಿದೆ. ಗಣಕದ ತೆರೆಯ ತುಂಬ ನಕ್ಷತ್ರಗಳು.

“ಏನೋ ಅದು, ಈ ಹೊತ್ತಿನಲ್ಲಿ?”

“ಹಡಗು ಹೋಯಿತು, ತಾತ. ಜೀವ ಉಳಿದಿದೆ” ಎಂದು ನಕ್ಕ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾನು ಒಂದು ಹಳೆಯ ನೋಟುಪುಸ್ತಕವನ್ನು ತಂದು ಅವನ ಮುಂದೆ ವಿದ್ಯಾರ್ಥಿಯಾಗಿ ಕುಳಿತೆ.

ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲೆಂಡಿನ ರೇಕ್ಯವಿಕ್ ನಗರದ ಸಿಸಿಪಿ ಎಂಬ ಸಂಸ್ಥೆ ೨೦೦೩ರ ಮೇ ತಿಂಗಳಲ್ಲಿ ಇದನ್ನು ಹೊರತಂದಿತು. ಆಟ ನಡೆಯುವ ಲೋಕಕ್ಕೆ ನ್ಯೂ ಈಡನ್ ಎಂದು ಹೆಸರು. ಅಲ್ಲಿ ಏಳು ಸಾವಿರಕ್ಕೂ ಮಿಕ್ಕ ನಕ್ಷತ್ರಮಂಡಲಗಳುಂಟು. ಚೀನಾದವರಿಗೆ ಪ್ರತ್ಯೇಕ ಲೋಕವಿರುವುದನ್ನು ಬಿಟ್ಟರೆ, ನಾನಾ ದೇಶಗಳ ಆಟಗಾರರೆಲ್ಲ ಒಂದೇ ಆಕಾಶದಲ್ಲಿ ಎದುರಾಗುತ್ತಾರೆ. ಅದಿರು ತೆಗೆಯುತ್ತಾರೆ, ವ್ಯಾಪಾರ ಮಾಡುತ್ತಾರೆ, ಒಕ್ಕೂಟ ಕಟ್ಟುತ್ತಾರೆ, ಕಾದಾಡುತ್ತಾರೆ. ನಾಶವಾದ ಹಡಗು ಮರಳಿ ಬಾರದು. ದುಡಿದು ಮತ್ತೊಂದನ್ನು ಕೊಳ್ಳಬೇಕು.

ಕಷ್ಟಪಟ್ಟು ಗಳಿಸಿದ್ದು ಕ್ಷಣದಲ್ಲಿ ಹೋಗುವಂಥ ಲೋಕದಲ್ಲಿ ಮಾತು ತಾನಾಗಿ ಚುರುಕಾಗುತ್ತದೆ. ಹಡಗು ಒಡೆದರೂ ಚಾಲಕನನ್ನು ಕಾಯುವ ಮೊಟ್ಟೆಯಂಥ ಗೂಡು ‘ಪಾಡ್’. ಅದನ್ನೂ ಒಡೆದರೆ ‘ಪಾಡಿಂಗ್’. ಆಗ ಚಾಲಕನು ದೂರದ ನಿಲ್ದಾಣದಲ್ಲಿ ಹೊಸ ದೇಹದೊಡನೆ ಕಣ್ಣು ತೆರೆಯುತ್ತಾನೆ. ಪುನರ್ಜನ್ಮವನ್ನು ನಂಬುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರದೇಶಗಳು ಮೂರು ಬಗೆ: ‘ಹೈಸೆಕ್’, ‘ಲೋಸೆಕ್’, ‘ನಲ್‌ಸೆಕ್’. ಮೊದಲನೆಯದರಲ್ಲಿ ಕಾವಲು ಬಿಗಿ, ಎರಡನೆಯದರಲ್ಲಿ ಸಡಿಲ, ಮೂರನೆಯದರಲ್ಲಿ ಕಾವಲೇ ಇಲ್ಲ, ಬಲವಿದ್ದವನದೇ ರಾಜ್ಯ. ಹೈಸೆಕ್ಕಿನ ಕಾವಲುಪಡೆಗೆ ಕಾಂಕಾರ್ಡ್ ಎಂದು ಹೆಸರು. ಹೊಸಬನು ಮೊದಲು ಕಲಿಯಬೇಕಾದ ಸೂಕ್ಷ್ಮ ಇಲ್ಲಿದೆ: ಕಾಂಕಾರ್ಡ್ ಅಪರಾಧವನ್ನು ತಡೆಯುವುದಿಲ್ಲ, ಅಪರಾಧಿಯನ್ನು ದಂಡಿಸುತ್ತದೆ, ಅಷ್ಟೆ. ದಂಡನೆಗೆ ಸಿದ್ಧನಾಗಿಯೇ ಬಂದು, ಕಾವಲಿನವರು ತಲುಪುವ ಮೊದಲೇ ಸರಕಿನ ಹಡಗನ್ನು ಮುರಿಯುವುದಕ್ಕೆ ‘ಗ್ಯಾಂಕ್’ ಎನ್ನುತ್ತಾರೆ. ದೊಡ್ಡ ಪೇಟೆಯಾದ ಜಿಟಾದ ಸುತ್ತಮುತ್ತ ಇದರ ಹಾವಳಿ ಹೆಚ್ಚು. ಅಲ್ಲಿಯ ನಾಣ್ಯ ‘ಇಸ್ಕ್’. ಐಸ್‌ಲೆಂಡಿನ ನಿಜವಾದ ನಾಣ್ಯವಾದ ಕ್ರೋನಾದ ಸಂಕೇತಾಕ್ಷರಗಳೂ ಅವೇ ಮೂರು. ಕಲ್ಪನೆಯ ನಕ್ಷತ್ರಗಳವರೆಗೆ ಹಾರಿದರೂ ಮನುಷ್ಯನು ತನ್ನೂರಿನ ಕಾಸನ್ನು ಗಂಟುಕಟ್ಟಿಕೊಂಡೇ ಹೋಗುತ್ತಾನೆ, ನೋಡಿ.

ಅಗತ್ಯ ಹುಟ್ಟಿದಾಗ ಪದ ಹುಟ್ಟುತ್ತದೆ. ಸಾವಿರಾರು ಮಂದಿ ಒಂದೆಡೆ ಕಾದುವಾಗ ಯಂತ್ರಕ್ಕೆ ಭಾರವಾಗುತ್ತದೆಂದು ಕಾಲವನ್ನೇ ನಿಧಾನಗೊಳಿಸುತ್ತಾರೆ. ಹತ್ತರಲ್ಲಿ ಒಂದು ಪಾಲಿನ ವೇಗಕ್ಕೂ ಇಳಿಸುವುದುಂಟು. ಅದು ‘ಟೈಡೈ’. ೨೦೧೪ರ ಜನವರಿ ೨೭ರಂದು ಒಂದು ನಕ್ಷತ್ರಮಂಡಲದ ಒಡೆತನದ ಶುಲ್ಕ ಸಂದಾಯವಾಗದೆ ಹೋದದ್ದೇ ನೆವವಾಗಿ ಮಹಾಯುದ್ಧವೊಂದು ಹೊತ್ತಿಕೊಂಡಿತು. ಸುಮಾರು ೨೧ ಗಂಟೆ ನಡೆದ ಆ ಯುದ್ಧದಲ್ಲಿ ೭೫ ಟೈಟನ್‌ಗಳು ನಾಶವಾದುವು. ಟೈಟನ್ ಎಂದರೆ ಆ ಲೋಕದ ಅತಿ ದೊಡ್ಡ ಹಡಗು.

“ನಿನ್ನ ಹತ್ತಿರ ಟೈಟನ್ ಇದೆಯೇನೋ?” ಎಂದೆ.

“ನಾನು ಸೇರಿ ಮೂರು ವಾರ, ತಾತ. ನನ್ನದು ತೀರ ಚಿಕ್ಕ ಹಡಗು. ಆದರೆ ನಾನಿಲ್ಲದೆ ಅವರ ಕೆಲಸ ಸಾಗದು.”

ಅವನು ವಿವರಿಸಿದ್ದು ಹೀಗೆ. ಅಪಾಯ ಕಂಡರೆ ಯಾವ ಹಡಗಾದರೂ ಚಂಗನೆ ಬೇರೆಡೆಗೆ ಹಾರಿಹೋಗಬಲ್ಲದು. ಅದರ ಆ ಶಕ್ತಿಯನ್ನು ಕಟ್ಟಿಹಾಕುವ ಒಂದು ಉಪಕರಣವುಂಟು. ಅದನ್ನು ಪ್ರಯೋಗಿಸುವುದೇ ‘ಪಾಯಿಂಟ್’. ಅಗ್ಗದ, ವೇಗದ ಪುಟ್ಟ ಹಡಗಿನಲ್ಲಿ ಹೊಸಬನು ಮುನ್ನುಗ್ಗಿ ವೈರಿಯನ್ನು ಹಿಡಿದಿಟ್ಟರೆ ದೊಡ್ಡವರು ಬಂದು ಹೊಡೆಯುತ್ತಾರೆ. ಯಾರನ್ನು ಮೊದಲು ಹೊಡೆಯಬೇಕೆಂದು ದಳಪತಿ ಹೆಸರಿಸುತ್ತಾನೆಯೋ ಅವನು ‘ಪ್ರೈಮರಿ’. ಹಿಡಿದವನು ಬಹುಮಟ್ಟಿಗೆ ಸಾಯುತ್ತಾನೆ. ಆದರೆ ಆ ದಿನದ ಬೇಟೆ ಅವನದು. ಅದಕ್ಕೇ ಹಿರಿಯರು ಮೊದಲ ದಿನವೇ ಕಿವಿಯಲ್ಲಿ ಹೇಳುತ್ತಾರಂತೆ: ಕಳೆದುಕೊಂಡರೆ ಮತ್ತೆ ಕೊಳ್ಳಲಾರದ ಹಡಗನ್ನು ಹಾರಿಸಬೇಡ.

ಇನ್ನೂ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮೋಸಕ್ಕೂ ದರೋಡೆಗೂ ಹೆಸರಾದ ಆ ಲೋಕದಲ್ಲಿ ೨೦೦೪ರಲ್ಲಿಯೇ ಆಟಗಾರರು ತಾವಾಗಿ ಒಂದು ‘ವಿಶ್ವವಿದ್ಯಾಲಯ’ ಸ್ಥಾಪಿಸಿದರು. ಈವ್ ಯೂನಿವರ್ಸಿಟಿ ಎಂದು ಅದರ ಹೆಸರು. ಹೊಸಬರಿಗೆ ಆಟವನ್ನೂ ಅದರ ನುಡಿಗಟ್ಟನ್ನೂ ಕಲಿಸುವುದು ಅದರ ಕೆಲಸ. ಬೇರೆ ಆಟಗಳಲ್ಲಿ ಹೊಸಬನನ್ನು ‘ನೂಬ್’ ಎಂದು ಹಳಿಯುವುದು ವಾಡಿಕೆ. ಅದು ಇಲ್ಲಿಯೂ ಇಲ್ಲವೆಂದಲ್ಲ. ಆದರೆ ಅದರ ಪಕ್ಕದಲ್ಲಿಯೇ ಇವರು ಇನ್ನೊಂದು ಪದ ಬೆಳೆಸಿದ್ದಾರೆ: ‘ನ್ಯೂಬ್ರೋ’. ಹೊಸ ತಮ್ಮ ಎಂದರ್ಥ. ಒಂದೇ ಮನುಷ್ಯನಿಗೆ ಎರಡು ಹೆಸರು. ಒಂದು ಬಾಗಿಲು ಮುಚ್ಚುತ್ತದೆ, ಒಂದು ಮಣೆ ಹಾಕುತ್ತದೆ.

ಅದನ್ನು ಬರೆದುಕೊಳ್ಳುತ್ತಿದ್ದ ನನ್ನ ಲೇಖನಿ ನಿಂತಿತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನೆನಪಾಯಿತು. ಹಳ್ಳಿಯಿಂದ ಹೊಸದಾಗಿ ಬಂದಿದ್ದ ಹುಡುಗನೊಬ್ಬನನ್ನು ಎಬ್ಬಿಸಿ, “ಸಂಧಿ ಎಂದರೇನು?” ಎಂದು ಕೇಳಿದ್ದೆ. “ಎರಡು ಗೋಡೆ ಮಧ್ಯ ಇರೋ ಜಾಗ, ಸಾರ್” ಎಂದ. ತರಗತಿ ಗೊಳ್ಳೆಂದಿತು, ನಾನೂ ನಕ್ಕೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ತನ್ನ ಬಳಿಯಿದ್ದ ಪದಕ್ಕೆ ಸರಿಯಾದ ಅರ್ಥವನ್ನೇ ಹೇಳಿದ್ದ. ಗೋಡೆಗಳ ನಡುವಣ ಸಂದಿಯಿಂದ ಅಕ್ಷರಗಳ ನಡುವಣ ಸಂಧಿಗೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಇಡಿಸುವುದಕ್ಕಾಗಿಯೇ ನನಗೆ ಸಂಬಳ ಕೊಡುತ್ತಿದ್ದರು. ಆ ವರ್ಷ ಮುಗಿಯುವವರೆಗೂ ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ.

ಪ್ರತಿಯೊಂದು ಕಸುಬಿಗೂ ಒಳಮಾತುಂಟು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಮಾತು ಗೂಢವಾಗಿದೆಯೆಂಬುದು ದೋಷವಲ್ಲ. ತಿಳಿಯದವನು ಕೇಳಿದಾಗ ವಲ್ಲಿಯನ್ನು ಸರಿಸಿ ತೋರಿಸುವವರು ಇದ್ದಾರೆಯೆ ಎಂಬುದೇ ಪ್ರಶ್ನೆ. ವ್ಯಾಕರಣದ ಮೇಷ್ಟರಿಗೂ ವಿಮರ್ಶಕರಿಗೂ ಈ ಪ್ರಶ್ನೆ ಅನ್ವಯಿಸುತ್ತದೆಂದು ನನ್ನ ನಂಬಿಕೆ.

ಮೊಮ್ಮಗ ಕಡೆಯಲ್ಲಿ ಬರೆಸಿದ್ದು ಒಂದು ನಮಸ್ಕಾರ. ಇಂಗ್ಲಿಷಿನ ‘ಓ’ ಅಕ್ಷರ, ಅದರ ಮಗ್ಗುಲಲ್ಲಿ ಇಂಗ್ಲಿಷಿನ ಏಳು: ಓ ಎಂದರೆ ತಲೆ, ಏಳು ಎಂದರೆ ಹಣೆಗೇರಿದ ತೋಳು. ಗೆಳೆಯರು ಬಂದಾಗ, ಹೋಗುವಾಗ, ಸತ್ತವರಿಗೆ ಗೌರವ ಸಲ್ಲಿಸುವಾಗ ಅದನ್ನೇ ಬರೆಯುತ್ತಾರೆ. ರಜೆ ಮುಗಿದು ಅವನು ಬಸ್ಸು ಹತ್ತಿದಾಗ ಕಿಟಕಿಯಿಂದ ಹಾಗೆಯೇ ಕೈ ಹಣೆಗೇರಿಸಿದ. ನಾನೂ ಏರಿಸಿದೆ.

ನೋಟುಪುಸ್ತಕ ಮೇಜಿನ ಮೇಲಿದೆ. ಅದರ ಮೊದಲ ಪುಟದಲ್ಲಿ, ಎಲ್ಲ ಪದಗಳಿಗೂ ಮೇಲೆ, ನಾನೇ ಒಂದನ್ನು ಸೇರಿಸಿದ್ದೇನೆ: ಸಂದಿ — ಎರಡು ಗೋಡೆಗಳ ನಡುವೆ ಇರುವ ಜಾಗ.